ತ್ರೀ ನಾಟ್ ತ್ರೀ: ಎರಡು ಗುಂಡುಗಳ ನಡುವೆ ಒಂದು ಕೈ

ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಹೊತ್ತು ಸಾಲದೆ ಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಸದ್ದಿನಿಂದ ಶುರು ಮಾಡುತ್ತೇನೆ. ಗುಂಡು ಹಾರುವ ಸದ್ದಲ್ಲ. ಒಂದು ಗುಂಡು ಹಾರಿದ ಮೇಲೆ, ಇನ್ನೊಂದು ಹಾರುವ ಮುಂಚೆ ಬರುವ ಸದ್ದು. ಖಟ್, ಸರ್, ಸರ್, ಖಟ್. ರೈಫಲ್ಲಿನ ಬೋಲ್ಟ್ ಅಂದರೆ ಖಾಲಿ ತೋಟಾ ಹೊರಗೆಳೆದು ಹೊಸದನ್ನು ಒಳಗೆ ತಳ್ಳುವ ಲೋಹದ ಸರಳು. ಅದರ ಹಿಡಿ ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಕೆಳಗೆ ಒತ್ತಬೇಕು. ನಾಲ್ಕು ಕೆಲಸ, ಒಂದೇ ಕೈ. ಇಷ್ಟು ಮಾಡದೆ ಮುಂದಿನ ಗುಂಡು ಹಾರುವುದಿಲ್ಲ.

ಈ ಸದ್ದನ್ನು ನಾನು ಮೊದಲು ಕೇಳಿದ್ದು ಎನ್‌ಸಿಸಿ ಪರೇಡಿನಲ್ಲಿ. ಪಿಯುಸಿ ಓದುವಾಗ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಕೋಣೆಯ ಬೀಗ ತೆಗೆದು, ಒಬ್ಬೊಬ್ಬರ ಕೈಗೂ ಒಂದೊಂದು ರೈಫಲ್ ಕೊಡುತ್ತಿದ್ದರು. ಅವು ಡಿ.ಪಿ. ರೈಫಲ್‌ಗಳು, ಅಂದರೆ ಬರೀ ಡ್ರಿಲ್ಲಿಗೆ ಮೀಸಲು. ಗುಂಡು ಹಾರದ ಹಾಗೆ ಮಾಡಿಟ್ಟವು. ಆದರೆ ತೂಕ ಮಾತ್ರ ಪೂರ್ತಿ ಇತ್ತು. ಹತ್ತಿರ ಹತ್ತಿರ ನಾಲ್ಕು ಕಿಲೋ. ‘ಬಾಜು ಶಸ್ತ್ರ’, ‘ಸಲಾಮಿ ಶಸ್ತ್ರ’ ಅಂತ ಹವಾಲ್ದಾರರು ಕೂಗಿದಾಗ ನಮ್ಮ ತೆಳ್ಳನೆ ತೋಳುಗಳು ನಡುಗುತ್ತಿದ್ದವು. ಮರದ ಹಿಡಿಗೆ ಹಳೆ ಎಣ್ಣೆಯ ವಾಸನೆ. ಎಷ್ಟೋ ಜನರ ಬೆವರು ಕುಡಿದು ಆ ಮರ ಕಪ್ಪಗಾಗಿತ್ತು.

ಅದರ ಹಿಂಭಾಗದಲ್ಲಿ, ಹೆಗಲಿಗೆ ಒರಗುವ ಜಾಗದಲ್ಲಿ, ಒಂದು ಹಿತ್ತಾಳೆ ತಟ್ಟೆ. ಅದರಲ್ಲಿ ಪುಟ್ಟದೊಂದು ಬಾಗಿಲು. ಉಗುರು ಹಾಕಿ ಎತ್ತಿದರೆ ಒಳಗೆ ಗೂಡು. ಹಿತ್ತಾಳೆಯ ಎಣ್ಣೆ ಶೀಶೆ, ನಳಿಗೆ ಶುಚಿ ಮಾಡುವ ದಾರ ಇಡುವ ಜಾಗ ಅದು. ನನ್ನ ಪಾಲಿಗೆ ಬಂದ ರೈಫಲ್ಲಿನ ಗೂಡು ಖಾಲಿ ಇತ್ತು. ಬೋಲ್ಟಿನ ಹಿಡಿಯ ಕೆಳಗೆ, ಲೋಹದ ಮೇಲೆ, ಒಂದು ಕಿರೀಟ, ಅದರಡಿ ಮೂರು ಅಕ್ಷರ: ಜಿ.ಆರ್.ಐ. ಅದರ ಕೆಳಗೆ ಇಶಾಪುರ, ಅದನ್ನು ಮಾಡಿದ ಬಂಗಾಳದ ಕಾರ್ಖಾನೆಯ ಊರು. ಅದರ ಕೆಳಗೆ 1943. ಜಾರ್ಜ್ ದೊರೆ, ಚಕ್ರವರ್ತಿ ಅಂತ ಆ ಅಕ್ಷರಗಳ ಅರ್ಥ. ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾರ್ಖಾನೆ ಕಿರೀಟದ ಜಾಗದಲ್ಲಿ ಅಶೋಕನ ಸಿಂಹಗಳನ್ನು ಒತ್ತಿತು. ರೈಫಲ್ ಅದೇ, ಮುದ್ರೆ ಬೇರೆ. ಇತಿಹಾಸದ ಪಾಠದಲ್ಲಿ ಓದಿದ 1947 ನನ್ನ ಬೆರಳಿಗೆ ತಾಗಿದ್ದು ಆ ಮುದ್ರೆಯ ಮೇಲೆ.

ಇದನ್ನು ಪೊಲೀಸರು, ಸೈನಿಕರು, ಹಳ್ಳಿಯವರು ಎಲ್ಲರೂ ಕರೆಯುವುದು ತ್ರೀ ನಾಟ್ ತ್ರೀ ಅಂತ. ಪುಸ್ತಕದ ಹೆಸರು ಲೀ ಎನ್‌ಫೀಲ್ಡ್. ನಳಿಗೆಯ ಅಳತೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 303 ಭಾಗ, ಅಂದರೆ ಸುಮಾರು 7.7 ಮಿಲಿಮೀಟರ್. ಅದರಿಂದ ಬಂದ ಹೆಸರು. ಲೀ ಅಂದರೆ ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಮನುಷ್ಯ. ಬೋಲ್ಟ್ ಮತ್ತು ಗುಂಡಿನ ಪೆಟ್ಟಿಗೆ ಅವನ ಕಲ್ಪನೆ. ಎನ್‌ಫೀಲ್ಡ್ ಅಂದರೆ ಲಂಡನ್ನಿನ ಉತ್ತರಕ್ಕಿರುವ ಸರ್ಕಾರಿ ಕಾರ್ಖಾನೆಯ ಊರು. ನಳಿಗೆಯೊಳಗಿನ ಗೀರುಗಳು ಅಲ್ಲಿಯವು. 1895ರಲ್ಲಿ ಮೊದಲ ಲೀ ಎನ್‌ಫೀಲ್ಡ್ ಬಂತು. 1907ರಲ್ಲಿ ಬಂದ ಮಾರ್ಕ್ ಥ್ರೀ ಎಂಬುದೇ ನಮ್ಮ ಕಣ್ಣಲ್ಲಿ ಕೂತಿರುವ ರೂಪ. ಮೂಗು ಕತ್ತರಿಸಿದ ಹಾಗೆ ಮೊಂಡು ಮುಂಭಾಗ. ತುದಿಯವರೆಗೂ ಮರ. ಒಮ್ಮೆ ನೋಡಿದರೆ ಮರೆಯುವ ಮುಖವಲ್ಲ.

ಲೀ ಬೋಲ್ಟಿನ ವಿಶೇಷ ಏನು? ಜರ್ಮನಿಯ ಮೌಸರ್ ರೈಫಲ್ಲಿನ ಹಿಡಿಯನ್ನು 90 ಡಿಗ್ರಿ ಎತ್ತಬೇಕು. ಲೀ ಬೋಲ್ಟನ್ನು 60 ಡಿಗ್ರಿ ಎತ್ತಿದರೆ ಸಾಕು. ಕೈ ಕಡಿಮೆ ತಿರುಗುತ್ತದೆ, ಕೆಲಸ ಬೇಗ ಆಗುತ್ತದೆ. ಮೌಸರ್ ಪೆಟ್ಟಿಗೆಯಲ್ಲಿ ಐದು ಗುಂಡು, ಇದರಲ್ಲಿ ಹತ್ತು. ಐದೈದು ತೋಟಾಗಳನ್ನು ಒಂದು ಲೋಹದ ಪಟ್ಟಿಗೆ ಸಿಕ್ಕಿಸಿ ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿ ಇಳಿಸುತ್ತಾರೆ. ಈ ತೋಟಾದ ಬುಡಕ್ಕೆ ಅಂಚು ಇದೆ, ಬಟ್ಟಲಿನ ಅಂಚಿನ ಹಾಗೆ. ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಂಡರೆ ರೈಫಲ್ ಕಚ್ಚಿಕೊಂಡು ನಿಂತುಬಿಡುತ್ತದೆ. ಹಾಗಾಗಿ ಜೋಡಿಸುವ ಕೈಗೆ ತಾಳ್ಮೆ ಬೇಕು. ಬ್ರಿಟಿಷ್ ಸೈನಿಕರಿಗೆ ಒಂದು ಪರೀಕ್ಷೆ ಇತ್ತು. ಒಂದು ನಿಮಿಷದಲ್ಲಿ 300 ಗಜ ದೂರದ ಗುರಿಗೆ 15 ಗುಂಡು. ‘ಹುಚ್ಚು ನಿಮಿಷ’ ಅಂತ ಅದಕ್ಕೆ ಹೆಸರು. ನಾಲ್ಕು ಸೆಕೆಂಡಿಗೊಂದು ಗುಂಡು, ಅದೂ ಗುರಿ ಇಟ್ಟು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಸಿನಿಮಾದ ಮಾತು. ನನ್ನ ದೂರು ಒಂದೇ. ಸಿನಿಮಾದವರು ಗುಂಡು ತೋರಿಸುತ್ತಾರೆ, ಬೋಲ್ಟ್ ತೋರಿಸುವುದಿಲ್ಲ. ಢಂ ಅಂತ ಒಂದು ಸದ್ದು, ಆಮೇಲೆ ಬೀಳುವವನ ಮುಖ. ಹಾರಿಸಿದವನ ಕೈ ಚೌಕಟ್ಟಿನ ಹೊರಗೆ. ಮುಂದಿನ ಗುಂಡು ತನ್ನಷ್ಟಕ್ಕೆ ತಾನೇ ಹಾರಿದಂತೆ ಕಾಣುತ್ತದೆ. ಆದರೆ ಈ ರೈಫಲ್ಲಿನ ಸತ್ಯ ಇರುವುದೇ ಆ ಕೈಯಲ್ಲಿ. ಮೆಷಿನ್ ಗನ್ನಿನಲ್ಲಿ ಒಮ್ಮೆ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಆಯಿತು, ಉಳಿದದ್ದು ಯಂತ್ರದ ಕೆಲಸ. ಬೋಲ್ಟ್ ರೈಫಲ್ ಹಾಗಲ್ಲ. ಪ್ರತಿ ಗುಂಡಿಗೂ ಮನುಷ್ಯ ಮತ್ತೆ ಶುರು ಮಾಡಬೇಕು. ಪ್ರತಿ ಗುಂಡಿಗೂ ‘ಇನ್ನೊಂದು’ ಅಂತ ಅವನ ಕೈ ಹೇಳಬೇಕು.

ಬೋಲ್ಟ್ ತೋರಿಸಿದ ಸಿನಿಮಾ ಸಿಕ್ಕರೆ ನನಗೆ ಖುಷಿ. 2019ರಲ್ಲಿ ಬಂದ ‘1917’ ಅಂಥದ್ದು. ಸ್ಕೋಫೀಲ್ಡ್ ಎಂಬ ಸೈನಿಕ ಮುರಿದ ಸೇತುವೆ ದಾಟುವಾಗ ಎದುರಿನ ಮನೆಯಿಂದ ಯಾರೋ ಗುಂಡು ಹಾರಿಸುತ್ತಾರೆ. ಇವನು ಮರೆಯಲ್ಲಿ ನಿಂತು ತಿರುಗಿ ಹೊಡೆಯುತ್ತಾನೆ. ಕ್ಯಾಮೆರಾ ಅವನ ಬಳಿಯೇ ಇರುತ್ತದೆ, ದೃಶ್ಯ ಕತ್ತರಿಸುವುದಿಲ್ಲ. ಹಾಗಾಗಿ ಗುಂಡಿಗೂ ಗುಂಡಿಗೂ ನಡುವೆ ಅವನು ಪಡುವ ಪಾಡು ನಮಗೆ ತಪ್ಪಿಸಿಕೊಳ್ಳಲಾಗದ ಹಾಗೆ ಕಾಣುತ್ತದೆ.

ಇನ್ನೊಂದು, 1981ರ ‘ಗ್ಯಾಲಿಪೊಲಿ’. ಇದರ ಕೊನೆಯಲ್ಲಿ ಬರುವುದು ಟರ್ಕಿಯ ಗ್ಯಾಲಿಪೊಲಿಯಲ್ಲಿ ‘ನೆಕ್’ ಎಂಬ ಸಣ್ಣ ದಿಬ್ಬದ ಮೇಲೆ 1915ರ ಆಗಸ್ಟ್ 7ರಂದು ನಡೆದ ದಾಳಿ. ಆಸ್ಟ್ರೇಲಿಯಾದ ಸೈನಿಕರು ನಾಲ್ಕು ಸಾಲಾಗಿ, ಒಂದೊಂದರಲ್ಲಿ ಸುಮಾರು 150 ಜನ, ಟರ್ಕಿಯವರ ಮೆಷಿನ್ ಗನ್ನುಗಳ ಎದುರು ಓಡಿದರು. ಓಡುವ ಮುಂಚೆ ಅವರಿಗೆ ಬಂದ ಆದೇಶ: ರೈಫಲ್ಲಿನಲ್ಲಿ ಗುಂಡು ಇರಬಾರದು, ಬರೀ ಬಯೊನೆಟ್. ನಿಂತು ಗುಂಡು ಹಾರಿಸಿದರೆ ಓಟ ನಿಧಾನವಾಗುತ್ತದೆ ಎಂಬ ಲೆಕ್ಕ. ಅಷ್ಟು ಚುರುಕಾದ ಬೋಲ್ಟ್ ಕೈಯಲ್ಲಿದ್ದೂ ಅವರು ಅದನ್ನು ಒಮ್ಮೆಯೂ ಎಳೆಯಲಿಲ್ಲ. 230ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು.

ಅದೇ ಗ್ಯಾಲಿಪೊಲಿಯಿಂದ ಡಿಸೆಂಬರಿನಲ್ಲಿ ಜಾಗ ಖಾಲಿ ಮಾಡುವಾಗ ವಿಲಿಯಂ ಸ್ಕರಿ ಎಂಬ ಸೈನಿಕ ಒಂದು ಉಪಾಯ ಮಾಡಿದ. ಎರಡು ಡಬ್ಬ. ಮೇಲಿನದರಲ್ಲಿ ನೀರು, ತಳದಲ್ಲಿ ಸಣ್ಣ ತೂತು. ನೀರು ತೊಟ್ಟಿಕ್ಕಿ ಕೆಳಗಿನ ಡಬ್ಬ ತುಂಬುತ್ತದೆ. ಅದು ಭಾರವಾದಾಗ ದಾರ ಜಗ್ಗಿ ರೈಫಲ್ಲಿನ ಕುದುರೆ ಎಳೆಯುತ್ತದೆ. ಕಂದಕ ಖಾಲಿಯಾಗಿದ್ದರೂ ಅಲ್ಲೊಂದು ಇಲ್ಲೊಂದು ಗುಂಡು ಹಾರುತ್ತಿತ್ತು. ಎದುರಿನವರಿಗೆ ಜನ ಇದ್ದಾರೆ ಅನಿಸುತ್ತಿತ್ತು. ನನಗೆ ಇದರಲ್ಲಿ ಮನಸ್ಸಿಗೆ ತಟ್ಟಿದ್ದು ಬೇರೆ. ಆ ರೈಫಲ್ ಹಾರಿಸುತ್ತಿದ್ದುದು ಒಂದೇ ಒಂದು ಗುಂಡು. ಯಾಕೆ ಅಂದರೆ ಬೋಲ್ಟ್ ಎಳೆಯಲು ಅಲ್ಲಿ ಯಾರೂ ಇರಲಿಲ್ಲ.

ಗ್ಯಾಲಿಪೊಲಿಯಿಂದಲೇ ಹೊರಟ ಇನ್ನೊಂದು ರೈಫಲ್ ಕಥೆ ಹೇಳಲೇಬೇಕು. ಎಸೆಕ್ಸ್ ರೆಜಿಮೆಂಟಿನ ಸೈನಿಕನೊಬ್ಬನ ಕೈಯಲ್ಲಿದ್ದ ಮಾರ್ಕ್ ಥ್ರೀ ಅದು. ಟರ್ಕಿಯವರು ಅದನ್ನು ವಶ ಮಾಡಿಕೊಂಡರು. ಯುದ್ಧ ಮಂತ್ರಿ ಎನ್ವರ್ ಪಾಶಾ ಅದರ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ದಾರ್ದನೆಲ್ಸ್ ಯುದ್ಧದಲ್ಲಿ ನಮಗೆ ದಕ್ಕಿದ್ದು’ ಎಂಬ ಅರ್ಥ ಬರುವ ಬರಹ ಕೂರಿಸಿ ಅರಬ್ ರಾಜಕುಮಾರ ಫೈಸಲನಿಗೆ ಉಡುಗೊರೆ ಕೊಟ್ಟ. ಫೈಸಲ್ ಮುಂದೆ ಟರ್ಕಿಯ ವಿರುದ್ಧವೇ ದಂಗೆ ಎದ್ದ. ತನ್ನ ಜತೆ ಸೇರಿದ ಒಬ್ಬ ಬ್ರಿಟಿಷ್ ಅಧಿಕಾರಿಗೆ ಅದೇ ರೈಫಲ್ ಕೊಟ್ಟ. ಆ ಅಧಿಕಾರಿ ಟಿ. ಇ. ಲಾರೆನ್ಸ್. ಅವನು ಮರದ ಮೇಲೆ ತನ್ನ ಹೆಸರಿನ ಮೂರಕ್ಷರ, ಜತೆಗೆ 4-12-16 ಅಂತ ತಾರೀಕು ಕೆತ್ತಿಕೊಂಡ. ಯುದ್ಧ ಮುಗಿದ ಮೇಲೆ ಐದನೇ ಜಾರ್ಜ್ ದೊರೆಗೆ ಕೊಟ್ಟ. ಈಗ ಅದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿದೆ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿದವರಿಗೆ ಮರಳುಗಾಡು ನೆನಪಿದೆ, ಬಿಳಿ ನಿಲುವಂಗಿ ನೆನಪಿದೆ, ಒಂಟೆ ನೆನಪಿದೆ. ಐದು ಕೈ ಬದಲಾಯಿಸಿದ ಈ ಮರದ ತುಂಡಿನ ಕಥೆಯನ್ನೇ ಬೇರೆ ಸಿನಿಮಾ ಮಾಡಬಹುದಿತ್ತು ಅಂತ ನನಗೆ ಅನಿಸುತ್ತದೆ.

ಅದೇ ಸೀಮೆಯಲ್ಲಿ, ಎರಡು ವರ್ಷದ ನಂತರ, 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದರು. ಎಲ್ಲರ ನೆನಪಲ್ಲಿ ಉಳಿದದ್ದು ಕುದುರೆ ಮತ್ತು ಈಟಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಆ ಕಡೆ ಹೋದಾಗ ಒಂದು ನಿಮಿಷ ನಿಂತು ಹೆಸರು ಓದಿ.

ಭಾರತದ ಸೈನಿಕರಿಗೆ ಈ ರೈಫಲ್ ಸುಮ್ನೆ ಸಿಕ್ಕಿದ್ದಲ್ಲ. 1857ರ ದಂಗೆ ಹೊತ್ತಿಕೊಂಡಿದ್ದೂ ಒಂದು ಎನ್‌ಫೀಲ್ಡ್ ಬಂದೂಕಿನ ತೋಟಾದಿಂದಲೇ, ಅಲ್ವಾ? ಅದು ಬೇರೆ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಆದರೆ ಊರು ಅದೇ ಎನ್‌ಫೀಲ್ಡ್. ಅದೇ ವರ್ಷ ಆಯುಧ ಒಪ್ಪಿಸಿ ಎಂಬ ಆಜ್ಞೆಗೆ ನಮ್ಮ ಮುಧೋಳದ ಹಲಗಲಿ ಬೇಡರು ಎದುರು ನಿಂತರು. ಆ ಲಾವಣಿಯನ್ನು ಇಲ್ಲಿರುವ ಬಹಳ ಮಂದಿ ಶಾಲೆಯಲ್ಲೇ ಓದಿದ್ದೀರಿ. ನನ್ನ ಮಟ್ಟಿಗೆ ಕನ್ನಡದಲ್ಲಿ ಆಯುಧದ ಬಗ್ಗೆ ಇರುವ ದೊಡ್ಡ ಜನಪ್ರಿಯ ಕೃತಿ ಅದೇ. ಸಿನಿಮಾ ಬರುವ ಮುಂಚೆ ಸುದ್ದಿ ಹರಡುತ್ತಿದ್ದುದು ಲಾವಣಿಯೇ ತಾನೆ.

1857ರ ನಂತರ ಬ್ರಿಟಿಷರು ಒಂದು ಪಾಠ ಕಲಿತರು. ಗೋರಾ ಸೈನಿಕನಿಗೆ ಹೊಸ ಬಂದೂಕು, ಭಾರತೀಯನಿಗೆ ಒಂದು ತಲೆಮಾರು ಹಳೆಯದು. 1914ರಲ್ಲಿ ನಮ್ಮ ಪಡೆಗಳು ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಇಳಿದಾಗ ಅವರ ಹಳೆ ರೈಫಲ್ ವಾಪಸ್ ಪಡೆದು ಹೊಸ ಮಾರ್ಕ್ ಥ್ರೀ ಕೊಟ್ಟರು. ಚಳಿಯ ಕಂದಕಕ್ಕೆ ಹೋಗುವ ಹೊತ್ತಿಗೆ ನಂಬಿಕೆ ಬಂತು.

ಊರೊಳಗಿನ ಪೊಲೀಸರ ಮೇಲೆ ಆ ನಂಬಿಕೆಯೂ ಇರಲಿಲ್ಲ. ಇಶಾಪುರದಲ್ಲಿ ಎಷ್ಟೋ ರೈಫಲ್‌ಗಳ ನಳಿಗೆ ಕೊರೆದು ಅಗಲ ಮಾಡಿ ಮಸ್ಕೆಟ್ ಮಾಡಿದರು. ಪಾಯಿಂಟ್ ನಾಲ್ಕು ಒಂದು ಸೊನ್ನೆ ಅಳತೆ. ಒಂದು ಸಲಕ್ಕೆ ಒಂದೇ ತೋಟಾ. ಅದರಲ್ಲಿ ಸೈನ್ಯದ ತೋಟಾ ನಡೆಯುವುದಿಲ್ಲ. ಪೊಲೀಸರು ತಿರುಗಿಬಿದ್ದು ಮದ್ದಿನ ಮನೆ ಲೂಟಿ ಮಾಡಿದರೂ ಅದು ಅವರ ಕೈಗೆ ಉಪಯೋಗಕ್ಕೆ ಬರಬಾರದು. ಹೊರಗಿನಿಂದ ನೋಡಿದರೆ ಅದೇ ತ್ರೀ ನಾಟ್ ತ್ರೀ.

ಈಗ ಜಲಿಯನ್‌ವಾಲಾಬಾಗ್. ನನ್ನ ಮಾತಿನ ಮುಖ್ಯ ಭಾಗ ಇದೇ. ನಿಧಾನವಾಗಿ ಹೇಳುತ್ತೇನೆ.

1919ರ ಏಪ್ರಿಲ್ 13. ಬೈಸಾಖಿ. ಜನರಲ್ ಡಯರ್ 50 ರೈಫಲ್ ಸೈನಿಕರನ್ನು ಕರೆದುಕೊಂಡು ಬಂದ. ಬರೀ ಕುಕ್ರಿ ಹಿಡಿದ 40 ಗೂರ್ಖಾ ಸೈನಿಕರು ಬೇರೆ ಇದ್ದರು. ಜತೆಗೆ ಮೆಷಿನ್ ಗನ್ ಕೂರಿಸಿದ ಎರಡು ಕವಚದ ಕಾರುಗಳು. ಬಾಗಿಗೆ ಹೋಗುವ ಓಣಿ ಇಕ್ಕಟ್ಟು. ಕಾರುಗಳು ಒಳಗೆ ನುಗ್ಗಲಿಲ್ಲ. ಹೊರಗೇ ನಿಂತವು. ಹಾಗಾಗಿ ಅಂದು ಅಲ್ಲಿ ನಡೆದದ್ದೆಲ್ಲ ಬೋಲ್ಟ್ ರೈಫಲ್ಲಿನಿಂದ. ಯಂತ್ರ ಏನೂ ಮಾಡಲಿಲ್ಲ. ಎಲ್ಲ ಕೈಯಿಂದ ಆದದ್ದು.

ಹಾರಿದ ಗುಂಡು 1,650. ಸುಮಾರು ಹತ್ತು ನಿಮಿಷ. 50 ರೈಫಲ್. ಸುಮ್ನೆ ಭಾಗಿಸಿ ನೋಡಿ. ಒಬ್ಬೊಬ್ಬನಿಗೆ 33 ಗುಂಡು. ಪೆಟ್ಟಿಗೆಯಲ್ಲಿ ಹಿಡಿಸುವುದು ಹತ್ತು. ಅಂದರೆ ಒಬ್ಬೊಬ್ಬನೂ ಸೊಂಟದ ಚೀಲಕ್ಕೆ ಕೈ ಹಾಕಿ, ಪಟ್ಟಿ ತೆಗೆದು, ಹೆಬ್ಬೆರಳಲ್ಲಿ ಒತ್ತಿ, ಮತ್ತೆ ಮತ್ತೆ ತುಂಬಿಕೊಂಡಿದ್ದಾನೆ. ಹತ್ತು ನಿಮಿಷಕ್ಕೆ 600 ಸೆಕೆಂಡು. 33 ಗುಂಡು. ಸರಾಸರಿ 18 ಸೆಕೆಂಡಿಗೆ ಒಂದು.

ಹುಚ್ಚು ನಿಮಿಷದ ಲೆಕ್ಕ ನೆನಪಿದೆಯಲ್ಲ? ನಾಲ್ಕು ಸೆಕೆಂಡಿಗೊಂದು. ಅದರ ಪಕ್ಕ ಈ 18 ಸೆಕೆಂಡು ಇಟ್ಟು ನೋಡಿ. ಇದು ಅವಸರದ ಗುಂಡಲ್ಲ. ಹೆದರಿ ಹಾರಿಸಿದ್ದೂ ಅಲ್ಲ. ನೋಡಿ, ಜನ ಎಲ್ಲಿ ಜಾಸ್ತಿ ಇದ್ದಾರೆ ಅಂತ ತೋರಿಸಿಕೊಂಡು, ಆ ಕಡೆ ತಿರುಗಿ, ಹಾರಿಸಿದ್ದು. ಎರಡು ಗುಂಡುಗಳ ನಡುವೆ 18 ಸೆಕೆಂಡು ಅಂದರೆ ಎಷ್ಟು ಗೊತ್ತಾ? ನಾನು ಈಗ ಮಾತು ನಿಲ್ಲಿಸುತ್ತೇನೆ. ನಿಮ್ಮ ಗಡಿಯಾರ ನೋಡಿಕೊಳ್ಳಿ.

ಸಭೆಯಲ್ಲಿ ಇಲ್ಲಿ ನಾನು ಸುಮ್ಮನೆ ನಿಂತೆ. ಮೊದಲ ಸಾಲಿನ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಎಣಿಸುತ್ತಿದ್ದಳು. ಹತ್ತು ದಾಟುವಾಗ ಕುರ್ಚಿಗಳ ಸದ್ದೂ ನಿಂತಿತು. ಓದುವವರು ಪುಸ್ತಕ, ಫೋನು ಕೆಳಗಿಟ್ಟು ಒಮ್ಮೆ ಎಣಿಸಿ ನೋಡಿ.

ಅಷ್ಟು ಹೊತ್ತಿನಲ್ಲಿ ಒಂದು ಮಗು ಗೋಡೆಯವರೆಗೆ ಓಡಬಹುದು. ಒಬ್ಬ ತಾಯಿ ಬಾವಿಯ ಕಡೆ ತಿರುಗಬಹುದು. ಒಬ್ಬ ಸೈನಿಕ ಎಲ್ಲವನ್ನೂ ಕಣ್ಣಾರೆ ನೋಡಬಹುದು. ನೋಡಿಯೂ ಮತ್ತೆ ಬೋಲ್ಟ್ ಎಳೆದ. 50 ಜನ ಸೇರಿ 1,650 ಸಲ. ಆ ಕೈಗಳು ನಮ್ಮ ಉಪಖಂಡದವೇ ಎಂಬುದು ಇನ್ನೂ ನೋವಿನ ಸಂಗತಿ. ಆದೇಶ ಬೇರೆಯವನದು, ಕೈ ನಮ್ಮದು. ಸರ್ಕಾರ ಒಪ್ಪಿಕೊಂಡ ಸಾವು 379. ಕಾಂಗ್ರೆಸ್ಸಿನ ವಿಚಾರಣೆ ಸಾವಿರದ ಹತ್ತಿರ ಅಂದಿತು. 1,650 ಎಂಬ ಅಷ್ಟು ಕರಾರುವಾಕ್ಕಾದ ಸಂಖ್ಯೆ ಹೇಗೆ ಸಿಕ್ಕಿತು? ಸೈನಿಕರು ನೆಲದಿಂದ ಹೆಕ್ಕಿಕೊಂಡ ಖಾಲಿ ತೋಟಾ ಎಣಿಸಿ ಅಂತ ಹೇಳುತ್ತಾರೆ. ಹಿತ್ತಾಳೆಗೆ ಲೆಕ್ಕ ಇತ್ತು. ಸತ್ತವರ ಲೆಕ್ಕಕ್ಕೆ ಇವತ್ತಿಗೂ ಜಗಳ.

1982ರ ‘ಗಾಂಧಿ’ ಚಿತ್ರದಲ್ಲಿ ಈ ದೃಶ್ಯ ಇದೆ. ಎಡ್ವರ್ಡ್ ಫಾಕ್ಸ್ ಡಯರ್ ಪಾತ್ರ ಮಾಡಿದ್ದಾರೆ. ನನ್ನ ತಲೆಮಾರಿಗೆ ಜಲಿಯನ್‌ವಾಲಾಬಾಗ್ ಅಂದರೆ ಆ ದೃಶ್ಯವೇ. 2021ರ ‘ಸರ್ದಾರ್ ಉಧಮ್’ ಇನ್ನೂ ದೂರ ಹೋಗುತ್ತದೆ. ಗುಂಡು ನಿಂತ ಮೇಲೆ ರಾತ್ರಿಯಿಡೀ ಹೆಣಗಳ ನಡುವೆ ಜೀವ ಇರುವವರನ್ನು ಹುಡುಕುವ ಹುಡುಗನ ಜತೆ ನಮ್ಮನ್ನೂ ನಡೆಸುತ್ತದೆ. ನೋಡಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರಬಾರದು ಕೂಡ. ಎರಡನ್ನೂ ನೋಡಿ. ನೋಡುವಾಗ ಓಡುವವರನ್ನು ಒಮ್ಮೆ ನೋಡಿ, ಸಾಲಿನಲ್ಲಿ ನಿಂತವರ ಬಲಗೈಯನ್ನು ಒಮ್ಮೆ ನೋಡಿ.

ನಮ್ಮಲ್ಲೂ ಇಂಥದ್ದೊಂದು ಜಾಗ ಇದೆ. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ವೀರಸೌಧದಲ್ಲಿ ಚಿತ್ರಗಳೊಂದಿಗೆ ಇತಿಹಾಸ ಇಟ್ಟಿದ್ದಾರೆ. ಆ ಸಾವುಗಳ ಬಳಿಕವೇ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜತೆ ಒಪ್ಪಂದ ಆಯಿತು, ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಪೂರ್ತಿ ಸಿನಿಮಾ ಆಗುವಷ್ಟು ದೊಡ್ಡ ಕಥೆ ಇದು. ನಿಮ್ಮಲ್ಲಿ ಯಾರಾದರೂ ಮಾಡಿದರೆ ಮೊದಲ ಟಿಕೆಟ್ ನನ್ನದು.

ಇಷ್ಟೆಲ್ಲ ನೋಡಿದ ಜನ ನಾವು. ಹಾಗಾಗಿಯೇ ಬ್ರಿಟಿಷ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಈ ಮೊಂಡು ಮೂಗಿನ ರೈಫಲ್. ನಮ್ಮೂರ ನಾಟಕದಲ್ಲಿ ಸಂಗೊಳ್ಳಿ ರಾಯಣ್ಣನ ಎದುರು ನಿಲ್ಲುವ ಸಿಪಾಯಿಯ ಕೈಗೂ ಬಡಗಿ ಮಾಡಿಕೊಟ್ಟದ್ದು ಇದೇ ಆಕಾರದ ಮರದ ಕೋವಿ. ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಜೇಮ್ಸ್ ಲೀ ಹುಟ್ಟಿದ ವರ್ಷ ಅದು. ಆಗ ಇದ್ದದ್ದು ಚಕಮಕಿ ಕಲ್ಲಿನ ಬಂದೂಕು. ಒಂದು ಸಲ ಹೊಡೆದು ಮತ್ತೆ ಬಾಯಿಂದ ಮದ್ದು ತುಂಬಬೇಕು. ಊರ ನಾಟಕದ ಬಡಗಿಯ ಮೇಲೆ ನನಗೆ ಬೇಸರ ಇಲ್ಲ. ಅವನು ಕಂಡದ್ದನ್ನು ಮಾಡಿದ. ಆದರೆ ಕೋಟಿಗಟ್ಟಲೆ ಸುರಿದು ಐತಿಹಾಸಿಕ ಚಿತ್ರ ಮಾಡುವವರು ಒಂದು ದಿನ ಮ್ಯೂಸಿಯಂಗೆ ಹೋಗಿ ನೋಡಿ ಬರಬೇಕು.

ಇಶಾಪುರದ ಬಗ್ಗೆ ಎರಡು ಮಾತು. ಕೋಲ್ಕತ್ತಾ ಹತ್ತಿರ, ಬ್ಯಾರಕ್‌ಪುರದ ಬಳಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ರೈಫಲ್ ಕಾರ್ಖಾನೆ ಬಂತು. ಇನ್ನೂ ಹತ್ತಿರದಲ್ಲಿ ದಮ್‌ದಮ್. ತುದಿಯ ಕವಚ ಬಿಟ್ಟು, ಮೈಗೆ ತಾಗಿದೊಡನೆ ಅರಳುವ ತ್ರೀ ನಾಟ್ ತ್ರೀ ಗುಂಡನ್ನು 1890ರ ದಶಕದಲ್ಲಿ ಅಲ್ಲಿ ಮಾಡಿದರು. 1899ರ ಹೇಗ್ ಸಮ್ಮೇಳನ ಅಂಥ ಗುಂಡನ್ನು ನಿಷೇಧಿಸಿತು. ಊರಿನ ಹೆಸರು ಮಾತ್ರ ಗುಂಡಿಗೆ ಅಂಟಿಕೊಂಡೇ ಉಳಿಯಿತು. ಆ ಊರಿನ ಜನರ ಬಗ್ಗೆ ನನಗೆ ಪಾಪ ಅನಿಸುತ್ತದೆ.

1962ರ ಚೀನಾ ಯುದ್ಧದಲ್ಲೂ ನಮ್ಮ ಸೈನಿಕರ ಕೈಯಲ್ಲಿದ್ದುದು ಹೆಚ್ಚಾಗಿ ಇದೇ. ಎದುರಿನವರ ಹತ್ತಿರ ತಾನಾಗಿ ತುಂಬಿಕೊಳ್ಳುವ ರೈಫಲ್‌ಗಳಿದ್ದವು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ 13ನೇ ಕುಮಾವೂಂ ಬೆಟಾಲಿಯನ್ನಿನ ಮೇಜರ್ ಶೈತಾನ್ ಸಿಂಗ್ ಅವರ ತುಕಡಿಯ ಸುಮಾರು 120 ಜನ ನಿಂತರು. ಅವರಲ್ಲಿ 110ಕ್ಕೂ ಹೆಚ್ಚು ಜನ ಹಿಂತಿರುಗಲಿಲ್ಲ. ಮುಂದಿನ ವರ್ಷ ಹಿಮ ಕರಗಿದ ಮೇಲೆ ಹೆಣಗಳು ಸಿಕ್ಕವು. ಕಂದಕದಲ್ಲಿ, ಕೈಯಲ್ಲಿ ಆಯುಧ ಹಿಡಿದ ಹಾಗೆಯೇ. 1964ರಲ್ಲಿ ಚೇತನ್ ಆನಂದ್ ಆ ಯುದ್ಧದ ಮೇಲೆ ‘ಹಕೀಕತ್’ ಮಾಡಿದರು. ಬರಿಗೈಯಲ್ಲಿ ಬೋಲ್ಟಿನ ಕಬ್ಬಿಣ ಮುಟ್ಟುವುದು ಬೆಂಗಳೂರಿನ ಡಿಸೆಂಬರಿನಲ್ಲೇ ತಣ್ಣಗೆ ಕೊರೆಯುತ್ತಿತ್ತು ನನಗೆ. ಅಲ್ಲಿ 16 ಸಾವಿರ ಅಡಿಗೂ ಮೇಲೆ, ಗಾಳಿಯಲ್ಲಿ, ಅವರು ಅದನ್ನು ಎಳೆದರು. ಈ ಕಥೆಯಲ್ಲಿ ಅದೇ ಬೋಲ್ಟ್, ಅದೇ ‘ಇನ್ನೊಂದು’ ಎನ್ನುವ ಕೈ. ಜಲಿಯನ್‌ವಾಲಾಬಾಗಿನ ಕೈಗೂ ಈ ಕೈಗೂ ನಡುವೆ ಎಷ್ಟು ದೂರ ನೋಡಿ.

ಆಮೇಲೆ ಸೈನ್ಯಕ್ಕೆ ಬೇರೆ ರೈಫಲ್ ಬಂದವು. ಇಶಾಪುರದವರು ಇದೇ ವಿನ್ಯಾಸವನ್ನು 7.62 ಅಳತೆಗೆ ಬದಲಾಯಿಸಿ ಒಂದಷ್ಟು ವರ್ಷ ಮಾಡಿದರು. ಹಳೆಯವು ಪೊಲೀಸ್ ಠಾಣೆಗೆ, ಎನ್‌ಸಿಸಿಗೆ ಬಂದವು. ಕೆಲವು ಕಳ್ಳದಾರಿಯಲ್ಲಿ ಚಂಬಲ್ ಕಣಿವೆಗೂ ಹೋದವು. ಸಾಮಾನ್ಯರಿಗೆ ನಮ್ಮ ದೇಶದಲ್ಲಿ ತ್ರೀ ನಾಟ್ ತ್ರೀ ಇಟ್ಟುಕೊಳ್ಳಲು ಅವಕಾಶ ಇಲ್ಲ. ಅದು ಸರ್ಕಾರಿ ಅಳತೆ. ಅದಕ್ಕೆಂದೇ ಸರ್ಕಾರಿ ಕಾರ್ಖಾನೆಗಳು ಪಾಯಿಂಟ್ ಮೂರು ಒಂದು ಐದು ಅಳತೆಯ ರೈಫಲ್ ಮಾಡುತ್ತವೆ. ಬೋಲ್ಟ್ ಮಾತ್ರ ಅದೇ ಲೀ ಬೋಲ್ಟ್. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗೆಳೆಯನೊಬ್ಬನ ಐನ್‌ಮನೆಯಲ್ಲಿ, ಅಂದರೆ ಮನೆತನದ ಹಿರಿ ಮನೆಯಲ್ಲಿ, ಹಳೆ ಒಂಟಿ ನಳಿಗೆ ಕೋವಿಗಳ ನಡುವೆ ಅಂಥ ಮೂರು ಒಂದು ಐದರ ರೈಫಲ್ಲೊಂದು ಇತ್ತು. ಅದರ ಬೋಲ್ಟಿನ ಹಿಡಿ ನೋಡಿದ ಕೂಡಲೇ ನನ್ನ ಬಲಗೈಗೆ ಗುರುತು ಸಿಕ್ಕಿತು.

ಹುಡುಗರಿಗೆ ಇವತ್ತು ಈ ರೈಫಲ್ ಪರಿಚಯ ಆಗುವುದು ವಿಡಿಯೋ ಗೇಮಿನಿಂದ. ‘ಕಾಲ್ ಆಫ್ ಡ್ಯೂಟಿ’ಯ ಹಳೆಯ ಭಾಗಗಳಲ್ಲಿ ಇದೆ, 2016ರ ‘ಬ್ಯಾಟಲ್‌ಫೀಲ್ಡ್ 1’ರಲ್ಲಿ ಇದೆ. ನನ್ನ ಅಕ್ಕನ ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ. ಸಿನಿಮಾ ಮರೆತದ್ದನ್ನು ಗೇಮ್ ಮಾಡುತ್ತದೆ. ಪ್ರತಿ ಗುಂಡಿಗೂ ಬೋಲ್ಟ್ ಎಳೆಯುವುದನ್ನು ತೋರಿಸುತ್ತದೆ. ಗುಂಡು ಜಾಸ್ತಿ ಖಾಲಿ ಆಗಿದ್ದರೆ ಐದರ ಪಟ್ಟಿ, ಕಡಿಮೆ ಆಗಿದ್ದರೆ ಒಂದೊಂದೇ ತೋಟಾ. ‘ಮಾಮ, ಇದು ತುಂಬಾ ನಿಧಾನ’ ಅಂದ. ಅವನ ಮಾತು ಸರಿ. ಆ ನಿಧಾನದ ಬಗ್ಗೆಯೇ ನಾನು ಇವತ್ತು ಮಾತಾಡುತ್ತಿರುವುದು.

ಆ ನಿಧಾನ ಪ್ರಾಣಕ್ಕೆ ಬಂದ ದಿನವೂ ಇದೆ. 2008ರ ನವೆಂಬರ್ 26. ಮುಂಬಯಿಯ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ ರೈಫಲ್ ಹಿಡಿದ ಇಬ್ಬರ ಎದುರು ಪೊಲೀಸರ ಬಳಿ ಇದ್ದದ್ದು ಲಾಠಿ ಮತ್ತು ತ್ರೀ ನಾಟ್ ತ್ರೀ. ರೈಲ್ವೆ ರಕ್ಷಣಾ ಪಡೆಯ ಒಬ್ಬರು ಜತೆಯವನ ಕೈಯಿಂದ ಆ ರೈಫಲ್ ಕಿತ್ತುಕೊಂಡು ಗುಂಡು ಹಾರಿಸಿದರು. ಆ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಅಷ್ಟು ಹಳೆಯ ಆಯುಧ ಕೊಟ್ಟು ಅವರನ್ನು ಅಲ್ಲಿ ನಿಲ್ಲಿಸಿದ್ದು ನಮ್ಮೆಲ್ಲರ ತಪ್ಪು. ಆ ಮೇಲೆ ರಾಜ್ಯಗಳು ಒಂದೊಂದಾಗಿ ಬದಲಾಯಿಸತೊಡಗಿದವು. ಉತ್ತರ ಪ್ರದೇಶದ ಪೊಲೀಸರು 2020ರ ಜನವರಿ 26ರ ಪರೇಡಿನಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟರು.

ಕೊನೆಗೆ, ಕನ್ನಡದ ಮಂದಿ ಈ ರೈಫಲ್ಲನ್ನು ಹೆಚ್ಚು ಸಲ ನೋಡಿರುವುದು ಎಲ್ಲಿ ಅಂತ ಹೇಳುತ್ತೇನೆ. ಸಿನಿಮಾದಲ್ಲಿ ಅಲ್ಲ. ಟಿವಿಯಲ್ಲಿ, ಸಕಲ ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ. ಕವಿಯೋ, ಕಲಾವಿದರೋ, ಸ್ವಾತಂತ್ರ್ಯ ಹೋರಾಟಗಾರರೋ ತೀರಿಕೊಂಡಾಗ ಪೊಲೀಸರು ಸಾಲಾಗಿ ನಿಂತು ಆಕಾಶಕ್ಕೆ ಮೂರು ಸುತ್ತು ಕುಶಾಲ ತೋಪು ಹಾರಿಸುತ್ತಾರೆ. ಕೆಲವು ಕಡೆ ಬೇರೆ ರೈಫಲ್ ಇರುತ್ತದೆ. ಎಷ್ಟೋ ಕಡೆ ನಾನು ಕಂಡದ್ದು ಇದನ್ನೇ.

ನಮ್ಮೂರಿನ ಒಬ್ಬ ಹಿರಿಯರು ತೀರಿಕೊಂಡಾಗ ಹತ್ತಿರದಿಂದ ನೋಡಿದೆ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. ಊರಾಚೆಯ ತೋಟದಲ್ಲಿ ಮಣ್ಣು. ಒಂದು ಕಡೆ ಮಡಚಿದ ಟೋಪಿ ಹಾಕಿದ ಪೇದೆಗಳು ಸಾಲಾಗಿ ನಿಂತರು. ಒಂದು ಕಾಲಕ್ಕೆ ಅವರ ವಿರುದ್ಧ ಗುರಿ ಇಟ್ಟ ರೈಫಲ್ ಈಗ ಅವರಿಗಾಗಿ ಆಕಾಶ ನೋಡುತ್ತಿತ್ತು. ಮೊದಲ ಸುತ್ತು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಆಮೇಲೆ ಆ ಸದ್ದು: ಖಟ್, ಸರ್, ಸರ್, ಖಟ್. ಎಲ್ಲರ ಕೈ ಒಟ್ಟಿಗೆ. ಎರಡನೇ ಸುತ್ತು. ಮೂರನೇ ಸುತ್ತು. ಅವರ ಹೆಂಡತಿ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು, ಕಣ್ಣು ಮಾತ್ರ ಮುಚ್ಚಲಿಲ್ಲ.

ಜನ ಕರಗಿದ ಮೇಲೆ ವಯಸ್ಸಾದ ಪೇದೆಯೊಬ್ಬರು ಹುಲ್ಲಿನಲ್ಲಿ ಬಗ್ಗಿ ಖಾಲಿ ಖೋಕಾಗಳನ್ನು ಹೆಕ್ಕುತ್ತಿದ್ದರು. ಎಲ್ಲವನ್ನೂ ಠಾಣೆಗೆ ಒಪ್ಪಿಸಬೇಕು. ಒಂದು ಕಡಿಮೆ ಬಂತು. ನಾನೂ ಜತೆಗೆ ಹುಡುಕಿದೆ. ಬಾಳೆ ಗಿಡದ ಬುಡದಲ್ಲಿ ಸಿಕ್ಕಿತು. ಇನ್ನೂ ಬೆಚ್ಚಗಿತ್ತು. ಅವರ ಅಂಗೈಗೆ ಹಾಕಿದೆ. ಅವರು ಮತ್ತೊಮ್ಮೆ ಮೊದಲಿನಿಂದ ಎಣಿಸಿದರು.